ತಾಳ ತಪ್ಪಿದ ಹಲ್ಲಿ

ಅಡುಗೆಮನೆಯ ಹಲ್ಲಿಯೊಂದರ ಎದೆಬಡಿತ ತಾಳ ತಪ್ಪಿತ್ತು. ಎದೆ ಅದುರಿದಾಗಲೆಲ್ಲ ಬೇಡವೆಂದರೂ ಬಾಯಿ ಲೊಚಗುಟ್ಟುತ್ತಿತ್ತು. ಕೆಳಗೆ ಒಲೆಯ ಮುಂದೆ ಪದ್ದಕ್ಕ, “ನನ್ನಂಥ ಸಾರು ಮಾಡುವವರು ಊರಲ್ಲೇ ಇಲ್ಲ” ಅಂದಳು. ಲೊಚ್! “ಕೃಷ್ಣ ಕೃಷ್ಣ! ಹಲ್ಲಿಯೇ ಸತ್ಯ ನುಡಿಯಿತು” ಎಂದು ನೆಲ ತಟ್ಟಿದಳು. ಹಲ್ಲಿಗೆ ಮರ್ಯಾದೆಯೇನೋ ಬಂತು, ಆದರೆ ಗೋಡೆ ಹತ್ತುವಷ್ಟರಲ್ಲಿ ಏದುಸಿರು.

ವೈದ್ಯ ಮಿಂಚುಹುಳ ದೂರದಲ್ಲೇ ನಿಂತು ಹೇಳಿತು: “ತೊಡೆಯ ರಕ್ತನಾಳದಿಂದ ಎದೆಯೊಳಕ್ಕೆ ಹೋಗಿ, ತಂಟೆ ಮಾಡುವ ಜಾಗವನ್ನು ಸುಡುತ್ತೇನೆ. ಬಹಳ ಸಲ ಗುಣವಾಗುತ್ತದೆ, ಕೆಲವೊಮ್ಮೆ ಮರುಕಳಿಸುತ್ತದೆ, ಅಪಾಯವೂ ಅಷ್ಟಿಷ್ಟು ಉಂಟು. ನನ್ನನ್ನು ಮಾತ್ರ ನುಂಗಬಾರದು. ತೀರ್ಮಾನ ನಿಮ್ಮದು, ಹಲ್ಲಿಯಮ್ಮ.”

“ಮಾಡಿಸಿಕೊಳ್ಳಲೇ?” ಎಂದಿತು ಹಲ್ಲಿ. ಲೊಚ್! “ಹೀಗೇ ಇದ್ದುಬಿಡಲೇ?” ಲೊಚ್!

“ಎರಡಕ್ಕೂ ಶಕುನವಾಯಿತಲ್ಲ! ಯಾವುದನ್ನು ನಂಬುತ್ತೀರಿ?” ಎಂದಿತು ಮಿಂಚುಹುಳ.

ಅಷ್ಟರಲ್ಲಿ ಕೊಬ್ಬಿದ ಪತಂಗವೊಂದು ಬಂದು ಹಲ್ಲಿಯ ಮೂಗಿನ ಮೇಲೇ ಕೂತು, ರೆಕ್ಕೆ ಒರೆಸಿಕೊಂಡು, ನಿಧಾನವಾಗಿ ಹಾರಿಹೋಯಿತು. ಹಲ್ಲಿಗೆ ಬಾಯಿ ತೆರೆಯುವಷ್ಟೂ ಉಸಿರಿರಲಿಲ್ಲ.

ಉಸಿರು ಬಂದ ಮೇಲೆ, “ಹಲ್ಲಿ ಲೊಚಗುಟ್ಟಿದ್ದನ್ನೆಲ್ಲ ನಂಬುವುದಕ್ಕೆ ನಾನೇನು ಪದ್ದಕ್ಕನೇ, ಡಾಕ್ಟರೇ?” ಎಂದು ಅದು ತೊಡೆ ಚಾಚಿತು.