ದಾರಿಯಲ್ಲಿರುವವನ ಹಾಡು

"ಗುರುಗಳೇ, ನಮ್ಮ ರಾಗವನ್ನು ಪರದೇಶದ ಗಿಟಾರಿನ ಜೊತೆ ಕೂಡಿಸಿ ನುಡಿಸಿದರೆ ಅದು ಕೆಟ್ಟುಹೋಗುವುದಿಲ್ಲವೇ?" ಎಂದು ಶಿವಲೀಲಾ ಕೇಳಿದಳು. ಅವಳು ಖಾಜಾಸಾಹೇಬರ ಬಳಿ ಸಾರಂಗಿ ಕಲಿಯುತ್ತಿದ್ದವಳು. ಹೊರದೇಶದ ಒಬ್ಬ ಗಿಟಾರಿನವನು ತನ್ನ ಜೊತೆ ನುಡಿಸಲು ಅವಳನ್ನು ಕರೆದಿದ್ದ. ಬರುತ್ತೇನೆ ಅನ್ನಲು ಅವಳಿಗೆ ಭಯ, ಒಲ್ಲೆ ಅನ್ನಲೂ ಭಯ.

ಸಾಹೇಬರು ಕಮಾನನ್ನು ಕೆಳಗಿಟ್ಟರು. "ಕೆಡುತ್ತದೋ ಉಳಿಯುತ್ತದೋ ಆಮೇಲೆ ನೋಡೋಣ. ಸದ್ಯಕ್ಕೆ ನಿನಗೆ ಹೆದರಿಕೆ ಆಗಿದೆ. ಹೌದೋ ಅಲ್ಲವೋ?"

"ಹೌದು."

"ಹಾಗಾದರೆ ಹೆದರಿಕೆಯ ಕತೆಯನ್ನೇ ಕೇಳು. ಇದು ನಡೆದದ್ದೋ ಕಟ್ಟಿದ್ದೋ ಎಂದು ನಡುನಡುವೆ ಬಾಯಿ ಹಾಕಬೇಡ. ಕತೆಗೆ ಕಾಲಿಲ್ಲ."

ಆಫ್ರಿಕಾದ ಪಡುವಣ ಭಾಗದಲ್ಲಿ ಒಂದು ದೊಡ್ಡ ನದಿ. ಅದರ ದಂಡೆಯ ಊರಿನಲ್ಲಿ ಸುಂಗಾಲೋ ಎಂಬ ಹಾಡುಗಾರ. ಹುಟ್ಟಿನಿಂದಲೇ ಹಾಡುಗಾರರಾದ ಮನೆತನ ಅವರದು. ನಮ್ಮ ಕಡೆ ಹೆಳವರಿಲ್ಲವೇ, ಮನೆಮನೆಗೆ ಬಂದು ನಿನ್ನ ಮುತ್ತಜ್ಜನ ಅಪ್ಪನ ಹೆಸರು ಹೇಳುವವರು? ಹಾಗೆಯೇ ಅವರು. ಊರಿನವರ ವಂಶವೆಲ್ಲ ಅವರ ಬಾಯಲ್ಲಿ. ಅವರ ವಾದ್ಯ ಕೋರಾ. ದೊಡ್ಡ ಸೋರೆಬುರುಡೆಗೆ ತೊಗಲು ಬಿಗಿದು, ಉದ್ದನೆಯ ಕೋಲಿಗೆ ತಂತಿ ಕಟ್ಟಿದ್ದು.

ಸುಂಗಾಲೋ ಮಡಿವಂತನೆಂದು ತಿಳಿಯಬೇಡ ಮತ್ತೆ. ತನ್ನ ಕೋರಾಕ್ಕೆ ಮೈಕು ಸಿಕ್ಕಿಸಿದ್ದ. ಅವನ ಮೇಳದಲ್ಲಿ ಸೋರೆಬುರುಡೆ ಬಡಿದು ತಾಳ ಹಾಕುವವನ ಪಕ್ಕದಲ್ಲೇ ಡ್ರಮ್ ಬಾರಿಸುವವನು ಕೂರುತ್ತಿದ್ದ. ಮದುವೆಮನೆಯಲ್ಲಿ ಅವರು ಶುರು ಮಾಡಿದರೆ ಮುದುಕಿಯರೂ ಎದ್ದು ಕುಣಿಯುತ್ತಿದ್ದರು. ಯಾವ ಹಾಡನ್ನು ಯಾವುದರ ಜೊತೆ ಬೆರೆಸಿದರೂ ಅವನಿಗೆ ಅಡ್ಡಿಯಿರಲಿಲ್ಲ. ಒಂದು ಹಾಡನ್ನು ಬಿಟ್ಟು.

ಅದನ್ನು ದಾರಿಯಲ್ಲಿರುವವನ ಹಾಡು ಎನ್ನುತ್ತಿದ್ದರು. ಹಿಂದೆ ಯಾವುದೋ ಕಾಲದಲ್ಲಿ, ಆ ಮನೆತನದ ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲಿ ಕೂತು ಅದನ್ನು ಹಾಡುತ್ತಿದ್ದಾಗ, ಕುದುರೆಯ ಮೇಲೆ ಬಂದ ಕಳ್ಳರು ಅಣ್ಣನನ್ನು ಎತ್ತಿಕೊಂಡು ಹೋದರಂತೆ. ಕಡಲ ದಂಡೆಯಲ್ಲಿ ಹಡಗಿನವರಿಗೆ ಮಾರಿದರಂತೆ. ಹಾಡು ನಡುವೆಯೇ ನಿಂತಿತು. ಅಣ್ಣ ಬಂದ ಮೇಲೆ ಉಳಿದದ್ದನ್ನು ಹಾಡುತ್ತೇನೆ ಎಂದು ತಮ್ಮ ಕಾದ. ಸಾಯುವವರೆಗೂ ಕಾದ.

ಅಲ್ಲಿಂದ ಅದು ಮನೆಯ ಕಟ್ಟಳೆಯಾಯಿತು. ಮನೆಯವರು ಯಾರಾದರೂ ದೂರದ ದಾರಿಯಲ್ಲಿದ್ದರೆ, ಹಿರಿಯನು ದಿನವೂ ಸಂಜೆ ದಾರಿಗೆ ಮುಖ ಮಾಡಿ ಕೂತು ಆ ಹಾಡನ್ನು ನುಡಿಸಬೇಕು. ಅಣ್ಣನನ್ನು ಎಳೆದೊಯ್ದ ಜಾಗಕ್ಕೆ ಬಂದೊಡನೆ ತಂತಿಯ ಮೇಲೆ ಅಂಗೈ ಇಟ್ಟು ಸದ್ದಡಗಿಸಬೇಕು. ಮುಂದಕ್ಕೆ ಹೋಗಕೂಡದು. ಹಾಡು ಮುಗಿದರೆ ದಾರಿಯೂ ಮುಗಿಯಿತು, ಹೋದವನು ಹೋದಲ್ಲೇ ಸಾಯುತ್ತಾನೆ. ಸತ್ತದ್ದು ಖಂಡಿತವಾದರೆ ಮಾತ್ರ ಹಾಡನ್ನು ಮುಗಿಸಬೇಕು. ಮುಗಿಸದಿದ್ದರೆ ಸತ್ತವನ ಜೀವಕ್ಕೆ ಬಿಡುಗಡೆಯಿಲ್ಲ; ಹಸಿದು, ಬಾಯಾರಿ, ನಡೆಯುತ್ತಲೇ ಇರಬೇಕು.

ಸುಂಗಾಲೋನ ಚಿಕ್ಕಪ್ಪನೊಬ್ಬ ಹರೆಯದಲ್ಲಿ ಹುಡುಗಾಟಕ್ಕೆ ಅದರ ಕೊನೆಯನ್ನು ಗುನುಗಿದ. ಅದೇ ವಾರ, ದೂರ ಹೋಗಿದ್ದ ಅವನ ಅಣ್ಣ ದೋಣಿ ಮಗುಚಿ ಸತ್ತ. ಆಮೇಲೆ ಕೇಳಬೇಕೇ? ಹೆದರುವವರ ಮೇಲೆ ಹಾವೆಸೆದ ಹಾಗಾಯಿತು. ಹಿರಿಯರು ಮಕ್ಕಳಿಗೆ ಆ ಕೊನೆಯನ್ನು ಕಲಿಸುವುದನ್ನೇ ಬಿಟ್ಟರು. ಗೊತ್ತಿದ್ದವರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಸುಂಗಾಲೋನಿಗೆ ಮೊದಲ ಅರ್ಧ ಮಾತ್ರ ಬರುತ್ತಿತ್ತು. ಅಷ್ಟೇ ಸಾಕೆಂದು ಅವನು ತಿಳಿದಿದ್ದ.

ಅವನಿಗೆ ಒಬ್ಬನೇ ಮಗ, ಮಾದಿ. ಮರಳುಗಾಡು ದಾಟಿ, ಆಚೆಯ ಕಡಲಲ್ಲಿ ದೋಣಿ ಹತ್ತಿ, ಯೂರೋಪಿಗೆ ಹೋಗುತ್ತೇನೆಂದು ಹೊರಟುಹೋದ. ಮರಳುಗಾಡಿನ ಅಂಚಿನ ಊರಿನಿಂದ ಒಮ್ಮೆ ಫೋನು ಬಂತು. ಆಮೇಲೆ ಸುದ್ದಿಯಿಲ್ಲ.

ಅವನ ತಾಯಿ ಸಿರಾ ಒಲೆಯ ಮುಂದೆ ಕೂತರೂ ಕಿವಿ ಮಾತ್ರ ಫೋನಿನ ಕಡೆಗೆ. ಫೋನು ಬಡಿದುಕೊಂಡರೆ ಗಂಡ ಹೆಂಡತಿ ಇಬ್ಬರೂ ಓಡಿ ಬರುತ್ತಿದ್ದರು. ಓಡಿ ಬಂದು, ಅದನ್ನು ಎತ್ತದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಿದ್ದರು. ಯಾವ ಮಾತು ಕೇಳಬೇಕಾಗುತ್ತದೋ ಎಂಬ ಭಯ. ಸಂಜೆಯ ಹಾಡೊಂದೇ ಅವರಿಗಿದ್ದ ಧೈರ್ಯ. ಹಾಡು ಅರ್ಧಕ್ಕೆ ನಿಂತಿದೆ, ಅಂದರೆ ಮಗ ಎಲ್ಲೋ ಉಸಿರಾಡುತ್ತಿದ್ದಾನೆ.

ಆಗ ರೂಫಸ್ ಎಂಬವನು ಬಂದ. ಕಡಲಾಚೆಯ ಅಮೆರಿಕದವನು, ಕರಿಯ, ಕರೆಂಟಿನ ಗಿಟಾರು ನುಡಿಸುವವನು. ಬ್ಲೂಸ್ ಅನ್ನುತ್ತಾರಲ್ಲ, ಅದು ಅವನ ಸಂಗೀತ. ಹಡಗಿನಲ್ಲಿ ಮಾರಿಹೋದವರ ಮಕ್ಕಳು ಮೊಮ್ಮಕ್ಕಳು ಹತ್ತಿಯ ಹೊಲದಲ್ಲಿ ಬೆನ್ನು ಬಗ್ಗಿಸಿ ಹಾಡಿದ ಗೋಳಿನಿಂದ ಹುಟ್ಟಿದ್ದು. ಸುಂಗಾಲೋನ ಮೇಳದ ಹೆಸರು ಕೇಳಿ, ಕೂಡಿ ನುಡಿಸೋಣವೆಂದು ಬಂದಿದ್ದ.

ಕೂಡಿ ನುಡಿಸಿದರು. ಏನು ಹೇಳಲಿ! ಕೋರಾ ಒಂದು ಮಾತು ಎತ್ತಿದರೆ ಗಿಟಾರು ಅದಕ್ಕೆ ಜವಾಬು ಕೊಡುತ್ತಿತ್ತು. ಒಂದೇ ಕೇರಿಯಲ್ಲಿ ಬೆಳೆದವರು ಹರಟೆಗೆ ಕೂತ ಹಾಗೆ. ಊರಿನವರು ಮುತ್ತಿಕೊಂಡರು. "ಇವನೆಲ್ಲಿಯ ಪರದೇಶಿ! ಯಾವ ಮನೆಯವನು ಕೇಳಿರೋ," ಎಂದು ನಕ್ಕರು. ಆದರೆ ನಿಜವಾಗಿ ಯಾರೂ ಕೇಳಲಿಲ್ಲ. ವಂಶ ಹೇಳುವುದೇ ಕಸುಬಾದ ಸುಂಗಾಲೋ ಕೂಡ ಕೇಳಲಿಲ್ಲ.

ಹೊತ್ತು ಇಳಿಯಿತು. ಸುಂಗಾಲೋ ಉಳಿದವರಿಗೆ ಸುಮ್ಮನಿರಲು ಸನ್ನೆ ಮಾಡಿ, ದಾರಿಗೆ ಮುಖ ಮಾಡಿ ಕೂತು ಮಗನ ಹಾಡನ್ನು ಎತ್ತಿದ. ಮೇಳದವರಿಗೆ ಅದು ದಿನದ ಸಂಗತಿ, ತಲೆ ತಗ್ಗಿಸಿ ಕೂತರು. ರೂಫಸನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ಮುಖ ಬದಲಾಯಿತು.

ನಿಲ್ಲಬೇಕಾದ ಜಾಗ ಬಂತು. ಸುಂಗಾಲೋ ತಂತಿಯ ಮೇಲೆ ಅಂಗೈ ಇಟ್ಟ.

ಹಾಡು ನಿಲ್ಲಲಿಲ್ಲ.

ಅವನ ಬೆನ್ನ ಹಿಂದೆ ಗಿಟಾರು ಅದನ್ನು ಎತ್ತಿಕೊಂಡು ಮುಂದಕ್ಕೆ ಹೋಗುತ್ತಿತ್ತು. ತಡವರಿಸದೆ, ಹುಡುಕದೆ, ಗೊತ್ತಿದ್ದ ದಾರಿಯಲ್ಲಿ.  ಆ ಕೊನೆಯನ್ನು ಸುಂಗಾಲೋ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ಅದೇ ಎಂದು ಅವನ ಮೈಗೆ ತಿಳಿಯಿತು.

"ಮುಗಿಸಬೇಡ!" ಎಂದು ಸಿರಾ ಕಿರುಚಿದಳು. "ನನ್ನ ಮಗ ದಾರಿಯಲ್ಲಿದ್ದಾನೆ! ಅಯ್ಯೋ, ಯಾರಾದರೂ ಅವನ ಕೈ ಹಿಡಿಯಿರೋ!"

ಸುಂಗಾಲೋ ಮೇಲೆ ಬಿದ್ದು ಗಿಟಾರಿನ ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದ. ಬೆರಳು ಕೊಯ್ದು ರಕ್ತ ಬಂತು. ಗಿಟಾರಿನ ಸದ್ದು ಹೊರಡಿಸುವ ಪೆಟ್ಟಿಗೆ ಊಳಿಟ್ಟು ಸುಮ್ಮನಾಯಿತು. 

ರೂಫಸ್ ಗಿಟಾರಿನಿಂದ ಕೈ ತೆಗೆದ. ಆ ನಾಡಿನಲ್ಲಿ ನಡೆಯುವ ಫ್ರೆಂಚಿನಲ್ಲಿ ಹರಕು ಮುರಕಾಗಿ ಹೇಳಿದ: "ಇದು ನಮ್ಮಜ್ಜಿಯ ಹಾಡು. ಅವಳ ಅಜ್ಜಿಯಿಂದ ಬಂದದ್ದು. ಮುಗಿಯಲು ಇನ್ನೊಂದೇ ಸಾಲು ಉಳಿದಿತ್ತು. ನಮಗೆ ನೀವು ನಿಲ್ಲಿಸಿದಲ್ಲಿಂದ ಆಚೆಗೆ ಮಾತ್ರ ಗೊತ್ತು. ಮುಂಚಿನದು ಎಲ್ಲಿ ಅಂತ ಕೇಳಿದರೆ, ಅದು ಮನೆಯಲ್ಲೇ ಉಳಿಯಿತು ಅನ್ನುತ್ತಿದ್ದಳು."

ಆ ಮಾತು ಸುಂಗಾಲೋನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.  ಮಗನ ಸಾವೇ ಮನುಷ್ಯನ ವೇಷದಲ್ಲಿ ಬಂದು ಅಂಗಳದಲ್ಲಿ ಕೂತಿದೆ ಎಂದು ಅವನಿಗೆ ಅನ್ನಿಸಿತು. ಇಲ್ಲದಿದ್ದರೆ ಮನೆಯವರಿಗೇ ಗೊತ್ತಿಲ್ಲದ ಕೊನೆ ಹೊರಗಿನವನಿಗೆ ಹೇಗೆ ಗೊತ್ತಾದೀತು? "ಎದ್ದು ಹೋಗು," ಎಂದ. "ತಿರುಗಿ ನೋಡಬೇಡ. ಈ ಊರಿನ ಹೆಸರನ್ನೂ ಎತ್ತಬೇಡ." ಮೇಳದವರು ಗಿಟಾರನ್ನು ಬೀದಿಗೆ ತಂದಿಟ್ಟರು. ರೂಫಸ್ ಏನನ್ನೋ ಕೇಳಬೇಕೆಂದು ಬಾಗಿಲ ಬಳಿ ನಿಂತ. ಸಿರಾ ಕದ ಹಾಕಿದಳು.

ಅವನು ಹೋದ. ಹೆದರಿಕೆ ಹೋಗಲಿಲ್ಲ. ಒಂದು ಸಾಲು ಉಳಿದಿದೆಯಲ್ಲ, ಅಷ್ಟರಿಂದ ಮಗ ಬದುಕಿಯಾನೇ ಎಂದು ಸಿರಾ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಬದುಕುತ್ತಾನೆ ಎಂದು ಸುಂಗಾಲೋ ಹೇಳುತ್ತಿದ್ದ. ಹೇಳಿ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ಮಾದಿಯ ಜೊತೆ ಹೊರಟಿದ್ದವನೊಬ್ಬ ಮಳೆಗಾಲಕ್ಕೆ ಮುಂಚೆ ಹಿಂತಿರುಗಿ ಬಂದ. ಬಂದವನು ನೀರನ್ನೂ ಮುಟ್ಟದೆ ಹೇಳಿದ. ಮರಳುಗಾಡಿನ ನಡುವೆ ಲಾರಿ ಕೆಟ್ಟಿತ್ತು. ನೀರು ಮುಗಿದಿತ್ತು. ಮಾದಿಯನ್ನು ಅವನೇ ತನ್ನ ಕೈಯಾರೆ ಮರಳಿನಲ್ಲಿ ಹೂತಿದ್ದ. ಯಾವಾಗ ಎಂದು ಸಿರಾ ಕೇಳಿದಳು. ರೂಫಸ್ ಆ ಊರಿಗೆ ಬರುವುದಕ್ಕಿಂತ ಎಷ್ಟೋ ಮೊದಲು.

ಅವಳು ಎದೆ ಬಡಿದುಕೊಂಡು ಅತ್ತಳು. ಅತ್ತು ಸಾಕಾದ ಮೇಲೆ ಕೋರಾವನ್ನು ತಂದು ಗಂಡನ ಮುಂದೆ ಇಟ್ಟಳು. "ಇನ್ನು ಮುಗಿಸು. ಅವನು ನಡೆದದ್ದು ಸಾಕು, ಮಲಗಲಿ."

ಊರೆಲ್ಲ ಅಂಗಳದಲ್ಲಿ ನಿಂತಿತ್ತು. ಸುಂಗಾಲೋ ದಾರಿಗೆ ಮುಖ ಮಾಡಿ ಕೂತ. ಹಾಡನ್ನು ಎತ್ತಿದ. ನಿಲ್ಲುವ ಜಾಗದವರೆಗೂ ಬಂದ. ಅವನ ಅಂಗೈ ತಾನಾಗಿ ತಂತಿಯ ಮೇಲೆ ಹೋಗಿ ಕೂತಿತು.

"ಮುಂದೆ?" ಎಂದಳು ಸಿರಾ.

ಅವನು ಮತ್ತೆ ಮೊದಲಿನಿಂದ ಎತ್ತಿದ. ಮತ್ತೆ ಅಲ್ಲಿಗೇ ಬಂದು ನಿಂತ. ಆವತ್ತು ಗಿಟಾರು ನುಡಿದದ್ದನ್ನು ನೆನಪಿಗೆ ತರಲು ತಿಣುಕಿದ. ನೆನಪಿಗೆ ಬಂದದ್ದು ಹೆಂಡತಿಯ ಕಿರುಚಾಟ ಮಾತ್ರ. ಅವಳು ಅವನ ಭುಜ ಹಿಡಿದು ಅಲುಗಾಡಿಸಿದಳು. "ಮುಂದೆ ಏನು? ನನ್ನ ಮಗನಿಗೆ ಬಾಯಾರಿದೆ! ಇನ್ನೂ ನಡೆಯುತ್ತಿದ್ದಾನೆ ಅವನು! ಮುಂದೆ ಏನು ಹೇಳು!"

ಅವನು ಇನ್ನೊಮ್ಮೆ ಮೊದಲಿನಿಂದ ಎತ್ತಿದ. ಅಂಗೈ ಮತ್ತೆ ಅಲ್ಲಿಗೇ ಬಂದು ಕೂತಿತು.

ಸಾಹೇಬರು ಅಲ್ಲಿಗೆ ನಿಲ್ಲಿಸಿ ಕಮಾನನ್ನು ಕೈಗೆತ್ತಿಕೊಂಡರು. ಶಿವಲೀಲಾ ಕೇಳಿದಳು: "ಆ ಗಿಟಾರಿನವನನ್ನು ಅವರು ಹುಡುಕಲಿಲ್ಲವೇ ಗುರುಗಳೇ?"

"ಎಲ್ಲಿ ಅಂತ ಹುಡುಕುತ್ತಾರೆ ಮಾರಾಯ್ತಿ? ಯಾವ ಊರು, ಯಾವ ಮನೆ ಅಂತ ಕೇಳಿದ್ದರೆ ತಾನೇ? ಕಳ್ಳರು ಒಯ್ದ ಅಣ್ಣನಿಗಾಗಿ ತಲೆಮಾರುಗಟ್ಟಲೆ ದಾರಿ ಕಾದ ಮನೆ, ಅವನ ಕುಡಿಯೇ ತಿರುಗಿ ಬಂದ ದಿನ ಅದರ ಮುಖಕ್ಕೇ ಕದ ಹಾಕಿತು."