ಗಡಿಗೆಯ ಬಾಯಿಗೆ ಬೆಣೆ

ಒಂದು ಕಾಡಿನಲ್ಲಿ ಬೋರಮ್ಮ ಅನ್ನೋ ಕರಡಿ ಇದ್ದಳು. ಅವಳ ಮಗಳು ಪುಟ್ಟಿಗೆ ಗುಡ್ಡದಾಚೆಯ ಗಂಡು ಒಪ್ಪಿಗೆಯಾಗಿತ್ತು. ಆದರೆ ಕರಡಿಗಳಲ್ಲಿ ಒಂದು ಪದ್ಧತಿ. ಹೆಣ್ಣಿನ ತಾಯಿ ತಾನೇ ಹಾಕಿದ ರಾಗಿ ಹೆಂಡವನ್ನು ಬೀಗರಿಗೆ ಕುಡಿಸಬೇಕು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಅಂತ ಅವರು ಎದ್ದು ಹೊರಡುತ್ತಾರೆ.

ಬೋರಮ್ಮನಿಗೆ ಜೇನು ಕೀಳೋದು ಗೊತ್ತು, ಹೆಂಡ ಹಾಕೋದು ಗೊತ್ತಿಲ್ಲ. ಹೇಗೋ ರಾಗಿ ಮೊಳಕೆ ಕಟ್ಟಿ, ಅರೆದು, ಗಂಜಿ ಕಾಯಿಸಿ, ಗಡಿಗೆಗೆ ಸುರಿದು ಎಲೆ ಮುಚ್ಚಿದ್ದಳು. ಅದು ಹುಳಿ ಬಂತೋ, ಬರೀ ಅಂಬಲಿಯಾಗಿ ಕೂತಿದೆಯೋ ಯಾರಿಗೆ ಗೊತ್ತು? ಬೀಗರು ಬರೋ ದಿನ ಬೆಳಗ್ಗೆ ಅದನ್ನು ಪರೀಕ್ಷೆ ಮಾಡಿಸೋಕೆ ಪುನುಗು ಬೆಕ್ಕು ಗಂಧಣ್ಣನನ್ನು ಕರೆಸಿದಳು. ಕಣ್ಣು ಬಿಟ್ಟಾಗಿನಿಂದ ಈಚಲ ಮರದ ಮಡಕೆಗೇ ಬಾಯಿಟ್ಟು ಬೆಳೆದವನು ಅವನು. ಹೆಂಡದ ವಿಷಯಕ್ಕೆ ಕಾಡಿಗೇ ದೊಡ್ಡ ಡಾಕ್ಟರು.

ಗಂಧಣ್ಣ ಎಲೆ ಸರಿಸಿ ಇಣುಕಿದ. ಬೆಳ್ಳಗೆ ನೊರೆ. ಕಿವಿಯಿಟ್ಟ. ಗುಳುಗುಳು, ಬುಳುಕ್! ಆಹಾ, ಹೆಂಡಕ್ಕೆ ಜೀವ ಬಂದಿತ್ತು. ಗಂಧಣ್ಣನಿಗೆ ಜೊಲ್ಲು ಇಳಿಯಿತು. ಇಂಥ ಮಾಲು ಆ ಬೀಗರ ಹೊಟ್ಟೆಗಾ? ತಕ್ಷಣ ಸಾವಿನ ಮನೆ ಮುಖ ಮಾಡಿಕೊಂಡ.

"ಅಕ್ಕಾ, ಮನಸ್ಸು ಗಟ್ಟಿ ಮಾಡ್ಕೋ. ಇದು ಹೋಯ್ತು."

"ಎಲ್ಲಿಗೆ ಹೋಯ್ತೋ? ಗಡಿಗೆ ಇಲ್ಲೇ ಇದ್ಯಲ್ಲ!"

"ಸತ್ತೋಯ್ತು. ಹುಳೀನೇ ಹಿಡಿದಿಲ್ಲ. ಕುಡಿದ್ರೆ ಬೀಗರಿಗೆಲ್ಲ ಭೇದಿ. ಬಿಸಿಲು ಇಳಿದ್ಮೇಲೆ ನಮ್ಮ ಹುಡುಗರನ್ನ ಕರೆದು ನಾನೇ ದೂರ ಚೆಲ್ಲಿಸ್ತೀನಿ."

ಅಷ್ಟರಲ್ಲಿ ಗಡಿಗೆ "ಬುಳುಕ್" ಅಂತು.

"ಏನೋ ಅದು ಸದ್ದು?"

"ನನ್ನ ಹೊಟ್ಟೆ ಅಕ್ಕಾ. ಬೆಳಗ್ಗಿಂದ ಏನೂ ತಿಂದಿಲ್ಲ."

ಪಾಪ ಅಂತ ಬೋರಮ್ಮ ಬಾಳೆಹಣ್ಣು ಕೊಟ್ಟಳು. ಗಂಧಣ್ಣ ತಿಂದ. ಗಡಿಗೆ ಮತ್ತೆ "ಬುಳುಕ್ ಬುಳುಕ್" ಅಂತು.

"ತಿಂದ್ಮೇಲೂ ಕೂಗುತ್ತಲ್ಲೋ?"

"ಈಗ ಜೀರ್ಣ ಆಗ್ತಿದೆ ಅಕ್ಕಾ."

ಹೀಗೇ ಬಿಟ್ಟರೆ ಗುಟ್ಟು ರಟ್ಟಾಗುತ್ತೆ ಅನ್ನಿಸಿತು ಗಂಧಣ್ಣನಿಗೆ. "ಸತ್ತವರ ಬಾಯಿ ಮುಚ್ಚಬೇಕು, ಅದೇ ಶಾಸ್ತ್ರ" ಅಂದ. ಗಡಿಗೆಯ ಬಾಯಿಗೆ ಮರದ ಬೆಣೆ ಇಟ್ಟು ಕಲ್ಲಿನಿಂದ ಜಡಿದ. ಸಂದಿಗೆಲ್ಲ ಜೇನುಮೇಣ ಮೆತ್ತಿದ. ಸಾಲದು ಅಂತ ಅದರ ಮೇಲೇ ಕುಂಡೆ ಊರಿ ಕೂತ. ಈಗ ಸದ್ದೇ ಇಲ್ಲ!

ಮಧ್ಯಾಹ್ನಕ್ಕೆ ಬೀಗರು ಮರಿಗಳ ಸಮೇತ ಬಂದರು. ಗಂಡಿನ ಅಪ್ಪ ಕಾಳಪ್ಪ ಕೂರೋ ಮುಂಚೆಯೇ ಕೇಳಿದ, "ಎಲ್ಲಿ ಬೀಗತಿ, ಹೆಂಡ ಬಗ್ಗಿಸಿ!"

ಬೋರಮ್ಮ ತಲೆ ತಗ್ಗಿಸಿದಳು. "ಕೆಟ್ಟೋಯ್ತು ಬೀಗರೇ. ಹುಳೀನೇ ಬರಲಿಲ್ಲ."

"ಏಳ್ರೋ ಎಲ್ಲ! ಹೆಂಡ ಹಾಕೋಕೆ ಬರದ ಮನೆ ಹೆಣ್ಣು ನಮಗೆ ಬೇಡ."

ಪೊದೆ ಹಿಂದೆ ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. ಗಡಿಗೆ ಮೇಲೆ ಕೂತ ಗಂಧಣ್ಣ "ಏನ್ಮಾಡೋದು, ಹಣೆಬರಹ" ಅಂತ ಉಸಿರು ಬಿಟ್ಟ. ಅವನೇನೋ ಬಿಟ್ಟ, ಗಡಿಗೆಗೆ ಬಿಡೋಕೆ ದಾರಿಯೇ ಇರಲಿಲ್ಲ. ಮೇಲೆ ಸುಡುಬಿಸಿಲು ಬೇರೆ. ಕೆಳಗೆ ಏನೋ ನಡುಗಿದಂತಾಯಿತು. ಗಂಧಣ್ಣ ಇನ್ನೂ ಒತ್ತಿ ಕೂತ.

ಢಬ್!

ಬೆಣೆ ಒಂದು ಕಡೆ ಹಾರಿತು, ಗಂಧಣ್ಣ ಇನ್ನೊಂದು ಕಡೆ. ಹಿಂದೆಯೇ ನೊರೆ ಬುಸ್ಸಂತ ಉಕ್ಕಿತು. ಮೈಯೆಲ್ಲ ನೊರೆಯಾಗಿ ಗಂಧಣ್ಣ ಸೀದಾ ಕಾಳಪ್ಪನ ಮಡಿಲಿಗೇ ಬಿದ್ದ.

ಕಾಳಪ್ಪ ಅವನನ್ನು ಮೂಸಿದ. ಒಂದು ಸಲ ನೆಕ್ಕಿದ. ಕಣ್ಣು ಅರಳಿತು. "ಬೀಗತೀ, ಇದು ಕೆಟ್ಟಿದೆ ಅಂದವನು ಯಾವನು?"

"ನಿಮ್ಮ ಮಡಿಲಲ್ಲಿದಾನಲ್ಲ, ಅವನೇ!"

"ಅಕ್ಕಾ, ಈಗ ತಾನೇ ಜೀವ ಬಂತು ಅನ್ಸುತ್ತೆ" ಅಂದ ಗಂಧಣ್ಣ.

"ಹೌದಾ? ಸರಿಯಾಗಿ ಪರೀಕ್ಷೆ ಮಾಡಿಬಿಡೋಣ" ಅಂತ ಕಾಳಪ್ಪ ಅವನ ಕಾಲು ಹಿಡಿದು ಮರಿಗಳ ಮುಂದೆ ಇಟ್ಟ.

ಗಡಿಗೆಯಲ್ಲಿ ಉಳಿದದ್ದನ್ನು ದೊಡ್ಡವರು ಕುಡಿದರು. ಗಂಧಣ್ಣನ ಮೈಮೇಲಿದ್ದದ್ದನ್ನು ಮರಿಗಳು ನೆಕ್ಕಿದವು. ಕರಡಿಯ ನಾಲಿಗೆ ಅಂದರೆ ಹಲಸಿನ ಸಿಪ್ಪೆ! ಪುಟ್ಟಿಯ ಮದುವೆ ಜೋರಾಗಿ ನಡೆಯಿತು. ಗಂಧಣ್ಣನೂ ಊಟಕ್ಕೆ ಬಂದಿದ್ದ. ಮೈಮೇಲೆ ಒಂದು ಕೂದಲೂ ಇಲ್ಲದ್ದರಿಂದ ಯಾವುದೋ ಹೆಗ್ಗಣ ಅಂದುಕೊಂಡು ಅವನನ್ನು ಕೊನೇ ಪಂಕ್ತಿಗೆ ಕಳಿಸಿದರು.

ನೀತಿ: ಒಳಗೆ ಉಕ್ಕುವ ನಿಜದ ಬಾಯಿಗೆ ಬೆಣೆ ಜಡಿದರೆ, ಅದರ ಮೇಲೆ ಕೂತವನೇ ಮೊದಲು ಹಾರುತ್ತಾನೆ.