ಸೇಂದಿ ಕುಡಿದ ಹರಿಗೋಲು

"ಗುರುಗಳೇ, ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದವನು ಏನು ಮಾಡಬೇಕು?"

ಕೇಳಿದವನು ಯಂಕೋಬ. ಕೇಳಿದ್ದು ತನಗೆ ಲಾರಿ ಕಲಿಸಿದ ಗವಿಸಿದ್ದಪ್ಪ ಮಾಸ್ತರನ್ನು. ರಿವರ್ಸ್ ಗೇರಿನಲ್ಲೇ ಘಾಟಿ ಹತ್ತಿ, ಎದುರು ಬಂದ ಹುಲಿಗೆ ಸೈಡ್ ಕೊಟ್ಟವನು ತಾನು ಎಂದು ಮಾಸ್ತರು ಹೇಳಿಕೊಳ್ಳುತ್ತಿದ್ದರು. ಹುಲಿಯನ್ನು ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಸಿಕ್ಕಿಬಿದ್ದವನು ಯಾರಪ್ಪಾ?"

"ನಾನೇ. ನಿನ್ನೆ. ಪೊಲೀಸರು ಊದಿಸಿದರು, ಗಾಡಿ ಇಟ್ಟುಕೊಂಡರು. ನಾಳೆ ಕೋರ್ಟು. ತಮ್ಮ ಪರಸ ಪಕ್ಕದಲ್ಲೇ ಕೂತಿದ್ದ, ಅವನು ಕುಡಿದಿರಲಿಲ್ಲ. ಓಡಿಸಿದ್ದು ಅವನೇ ಅಂತ ಹೇಳಿಬಿಡು, ನಿನ್ನ ಲೈಸೆನ್ಸು ಉಳೀತದೆ ಅಂತಾರೆ ಗೆಳೆಯರು. ಪರಸನೂ ಹೂಂ ಅಂದಿದ್ದಾನೆ."

ಮಾಸ್ತರು ಎದ್ದು, ಗೋಡೆಗೆ ತೂಗುಹಾಕಿದ್ದ ಹಳೆಯ ಸ್ಟೇರಿಂಗಿನ ಮೇಲೆ ಕೈ ಇಟ್ಟರು.

"ಒಂದು ಕತೆ ಹೇಳ್ತೀನಿ. ಸ್ಟೇರಿಂಗ್ ಮುಟ್ಟಿ ಹೇಳ್ತೀನಿ. ಒಂದಕ್ಷರ ಸುಳ್ಳಿಲ್ಲ."

ಒಂದು ಹೊಳೆ. ಹೊಳೆಗೊಂದು ಕಡವು. ಕಡವಿನಲ್ಲಿ ಜನರನ್ನು ದಾಟಿಸುವ ಒಬ್ಬ ಹರಿಗೋಲಿನವ. ಹರಿಗೋಲು ಬುಟ್ಟಿಯ ಹಾಗೆ ದುಂಡಗೆ. ಸುತ್ತುತ್ತಲೇ ಸಾಗುವುದು ಅದರ ಜಾತಕ. ಇವನು ಸೇಂದಿ ಕುಡಿದೇ ಹುಟ್ಟು ಹಾಕುತ್ತಿದ್ದ. ಯಾರಾದರೂ ಬೈದರೆ ಎದೆ ಸೆಟೆಸಿ ಹೇಳುತ್ತಿದ್ದ:

"ಹರಿಗೋಲು ಬಲಕ್ಕೆ ಸುತ್ತತದೆ. ಕುಡಿದರೆ ನನ್ನ ತಲೆ ಎಡಕ್ಕೆ ಸುತ್ತತದೆ. ಅದಕ್ಕೂ ಇದಕ್ಕೂ ವಜಾ! ಹೊಳೆ ನನಗೆ ನೆಟ್ಟಗೆ ಕಾಣತದೆ. ಅಪಾಯ ಇರೋದು ಕುಡಿಯದವರಿಗೆ ಕಣ್ರೋ!"

ಜನ ನಕ್ಕರು. ನಕ್ಕವರೇ ಹತ್ತಿ ಕೂತರು. ಒಂದು ದಿನ ಅವನು ಎಂಥ ರಭಸದಿಂದ ಸುತ್ತಿಸಿದನೆಂದರೆ, ಮೊಸರು ಮಾರುವವಳ ಗಡಿಗೆಯಲ್ಲಿ ಆಚೆ ದಡ ಸೇರುವಷ್ಟರಲ್ಲಿ ಬೆಣ್ಣೆ ತೇಲಿತ್ತು. ಅವಳು ಮನೆಯ ಕಡಗೋಲನ್ನು ಒಲೆಗೆ ಹಾಕಿ, ಅಂದಿನಿಂದ ಅವನ ಹರಿಗೋಲಿಗೇ ಬಂದಳು.

ಯಂಕೋಬನಿಗೆ ನಿನ್ನೆಯಿಂದ ಮೊದಲ ಬಾರಿಗೆ ನಗು ಬಂತು.

ಮಳೆಗಾಲ. ಹೊಳೆ ಕೆಂಪಗೆ, ದಂಡೆ ತುಂಬಿ ಬಂತು. ಆಚೆ ಊರಿಗೆ ಹೋಗುವ ಮದುವೆ ದಿಬ್ಬಣ ಹರಿಗೋಲು ಹತ್ತಿತು. ಮದುಮಗ ಬಾಸಿಂಗ ಹಿಡಿದು ಕೂತ. ಡೊಳ್ಳಿನವರು ಕೂತಲ್ಲೇ ಬಾರಿಸತೊಡಗಿದರು. ಹರಿಗೋಲಿನವ ಗಟಗಟ ಕುಡಿದು, ಹೋ ಎಂದು ಕೂಗಿ, ದಡಕ್ಕೆ ಒದ್ದ.

ಹರಿಗೋಲು ಕದಲಲಿಲ್ಲ. ಕಡವಿನ ಯಜಮಾನ ಸೊಂಟದ ಮಟ್ಟದ ನೀರಿಗೆ ಹಾರಿ ಅದರ ಅಂಚು ಹಿಡಿದಿದ್ದ. ದಿಬ್ಬಣವನ್ನೆಲ್ಲ ಇಳಿಸಿದ. ಇವನ ಬಾಯಿ ಮೂಸಿದ.

"ಹುಟ್ಟು ಹಿಡಿದಿದ್ದವನು ನನ್ನ ತಮ್ಮ," ಎಂದ ಹರಿಗೋಲಿನವ. "ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ."

ಹರಿಗೋಲಿನಲ್ಲೇ ಇದ್ದ ತಮ್ಮನೂ ಹೌದೆಂದು ತಲೆಯಾಡಿಸಿದ.

ಯಂಕೋಬನ ನಗು ಅಲ್ಲಿಗೇ ನಿಂತಿತು.

ಯಜಮಾನ ಗದರಲಿಲ್ಲ. "ನಂಬಿದೆನಪ್ಪಾ. ಹಾಗಾದರೆ ನಿನ್ನ ತಪ್ಪೇನೂ ಇಲ್ಲ. ತಗೋ ಹುಟ್ಟು. ದಿಬ್ಬಣವನ್ನು ಈಗಲೇ ದಾಟಿಸು. ಜಾಗ ಇದೆ, ನಿನ್ನ ಮಗಳನ್ನೂ ಕೂರಿಸಿಕೋ."

ಹರಿಗೋಲಿನವ ದಡದಲ್ಲಿ ನಿಂತಿದ್ದ ತನ್ನ ಪುಟ್ಟ ಮಗಳನ್ನು ನೋಡಿದ. ಹೊಳೆಯನ್ನು ನೋಡಿದ. ಹುಟ್ಟಿಗೆ ಚಾಚಿದ ಕೈ ಅರ್ಧದಲ್ಲೇ ನಿಂತಿತು.

"ಕುಡಿದವನು ನಾನು," ಎಂದ. "ಹುಟ್ಟು ಹಿಡಿದವನೂ ನಾನೇ."

ಆ ಕಡವಿನಲ್ಲೊಂದು ಕಟ್ಟಳೆ ಇತ್ತು. ಕುಡಿದು ಹುಟ್ಟು ಹಿಡಿದವನು ಹೊಳೆಯ ನೆರೆ ಇಳಿಯುವವರೆಗೆ ಹುಟ್ಟು ಮುಟ್ಟಬಾರದು. ದಿನವೂ ಇನ್ನೊಬ್ಬರ ಹರಿಗೋಲಿನಲ್ಲಿ ಜನರ ನಡುವೆ ಕೂತು ದಾಟಬೇಕು. ಅವನು ಹುಟ್ಟನ್ನು ಯಜಮಾನನಿಗೆ ಒಪ್ಪಿಸಿದ. ಮನೆಗೆ ಹೋಗಿ, ಊರವರು ಹೇಳುವ ಮೊದಲೇ ಹೆಂಡತಿಗೆ ತಾನೇ ಹೇಳಿದ. ಬೈಸಿಕೊಂಡ. ಮರುದಿನ ಹೋಗಿ ಕೂತ. ನಡುಹೊಳೆಯಲ್ಲಿ ಹರಿಗೋಲು ಸುತ್ತಿದಾಗ ಅವನು ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಸುತ್ತ ನೋಡಿದ. ಎಲ್ಲರ ಮುಷ್ಟಿಯೂ ಅಂಚಿಗೆ ಬಿಗಿದಿತ್ತು. ಇಷ್ಟು ವರ್ಷ ತನ್ನ ಹರಿಗೋಲಿನಲ್ಲಿ ನಗುತ್ತಿದ್ದವರ ಮುಖವನ್ನಷ್ಟೇ ಕಂಡಿದ್ದ, ಕೈಗಳನ್ನು ಕಂಡಿರಲಿಲ್ಲ. ಹೊಳೆ ಇಳಿಯಿತು. ಹುಟ್ಟು ಅವನಿಗೆ ಮರಳಿ ಬಂತು. ಸೇಂದಿ ಮರಳಲಿಲ್ಲ.

"ಮತ್ತೆ ಆ ದಿಬ್ಬಣ?" ಯಂಕೋಬ ಮುಂದಕ್ಕೆ ಸರಿದು ಕೇಳಿದ.

"ಬೇರೆಯವನು ದಾಟಿಸಿದ. ಮದುವೆಯಾಯಿತು. ಊಟದ ಪಂಕ್ತಿ ಎಷ್ಟು ಉದ್ದ ಅಂದರೆ, ಈ ತುದಿಗೆ ಬಡಿಸಿದ ಹೋಳಿಗೆ ಆ ತುದಿ ಮುಟ್ಟುವಾಗ ಮೊದಲ ಮಗುವಿನ ತೊಟ್ಟಿಲು ಕಟ್ಟಿದ್ದರು."

ಯಂಕೋಬ ಜೋರಾಗಿ ನಕ್ಕು ಎದ್ದು ನಿಂತ. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿದಂತಾಗಿತ್ತು.

"ಆಯ್ತು ಗುರುಗಳೇ! ಓಡಿಸಿದ್ದು ನಾನೇ ಅಂತ ಹೇಳ್ತೀನಿ. ಪರಸನನ್ನು ನಡುವೆ ಎಳೆಯೋದಿಲ್ಲ. ಅವ್ವನಿಗೆ ಇವತ್ತೇ ಹೇಳ್ತೀನಿ. ಲೈಸೆನ್ಸು ತಗೊಂಡರೆ ತಗೊಳ್ಳಲಿ, ಬಸ್ಸಿನಲ್ಲಿ ಓಡಾಡ್ತೀನಿ. ಅಂತೂ ಒಂದಕ್ಷರ ಸುಳ್ಳಿಲ್ಲ ಅಂದಿರಿ. ಅಷ್ಟೂ ನಿಜವೇ?"

"ಸಣ್ಣದೊಂದನ್ನು ಮಾತ್ರ ನಾನು ಕಟ್ಟಿ ಸೇರಿಸಿದೆ," ಎಂದರು ಮಾಸ್ತರು. "ಆ ದಿನ ನೀರಿಗೆ ಹಾರಿ ಹರಿಗೋಲಿನ ಅಂಚನ್ನು ಯಾರೂ ಹಿಡಿಯಲಿಲ್ಲ. ದಿಬ್ಬಣ ಆಚೆ ದಡ ಸೇರಲಿಲ್ಲ."